ಚೀಲದ ತೂಕ ಕಳೆದರೆ 19 ಕೆ.ಜಿ.: ತಮ್ಮನ ಬೇಲ್‌ಗಾಗಿ ಓಡಾಡಿದ 78 ದಿನ

ಫೋನ್ ಬಂದಾಗ ರಾತ್ರಿ ಒಂದೂವರೆ. ಬೆಂಗಳೂರಿನ ಒಂದು ಪೊಲೀಸ್ ಠಾಣೆಯಿಂದ. "ನಿಮ್ಮ ತಮ್ಮನನ್ನು ಎನ್‌ಡಿಪಿಎಸ್ ಕೇಸಲ್ಲಿ ಅರೆಸ್ಟ್ ಮಾಡಿದ್ದೇವೆ, ಬೆಳಿಗ್ಗೆ ಕೋರ್ಟಿಗೆ ಹಾಜರುಪಡಿಸ್ತೇವೆ" ಅಂತ ಹೇಳಿ ಇಟ್ಟರು. ಎನ್‌ಡಿಪಿಎಸ್ ಅಂದರೆ ಮಾದಕ ವಸ್ತು ತಡೆ ಕಾಯ್ದೆ ಅಂತ ಆ ಹೊತ್ತಲ್ಲಿ ನನಗೆ ಗೊತ್ತಿರಲಿಲ್ಲ. ಅಪ್ಪನನ್ನು ಎಬ್ಬಿಸಿ ಹೇಳಿದೆ. ಅವರು ಸುಮ್ಮನೆ ಜಗಲಿ ಮೇಲೆ ಹೋಗಿ ಕೂತರು. ತಿಪಟೂರಿನಿಂದ ಮೊದಲ ರೈಲು ಹಿಡಿಯೋವರೆಗೆ ಒಂದು ಮಾತೂ ಆಡಲಿಲ್ಲ.

ತಮ್ಮನಿಗೆ 22 ವರ್ಷ. ಬೆಂಗಳೂರಲ್ಲಿ ಮೂವರು ಹುಡುಗರ ಜೊತೆ ಒಂದು ಬಾಡಿಗೆ ಮನೆಯಲ್ಲಿದ್ದ. ಅಲ್ಲಿ ಒಂದು ಮಂಚದ ಕೆಳಗೆ ಎರಡು ಪ್ಲಾಸ್ಟಿಕ್ ಚೀಲ ಗಾಂಜಾ ಸಿಕ್ಕಿತು ಅನ್ನೋದು ಪೊಲೀಸರ ಕೇಸು. ನಾಲ್ವರನ್ನೂ ಹಿಡಿದರು. ತಮ್ಮ ಎ3, ಅಂದರೆ ಮೂರನೇ ಆರೋಪಿ. ಕೇಸ್ ಇನ್ನೂ ನಡೆಯುತ್ತಿದೆ. ಹಾಗಾಗಿ ಅವನು ಏನು ಮಾಡಿದ, ಏನು ಮಾಡಲಿಲ್ಲ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಕೋರ್ಟ್ ತೀರ್ಮಾನಿಸಲಿ. ಬೇಲ್ ಸಿಗುವವರೆಗೆ ನಾವು ಕಂಡಿದ್ದನ್ನಷ್ಟೇ ಬರೆಯುತ್ತೇನೆ. ನಮ್ಮ ಹಾಗೆ ನಡುರಾತ್ರಿ ಫೋನ್ ಬಂದ ಮನೆಯವರಿಗೆ ಇದರಿಂದ ಒಂದು ದಿನ ಉಳಿದರೂ ಸಾಕು.

ಮೊದಲ ದಿನ ನಾವು ಮಾಡಿದ ತಪ್ಪು ದೊಡ್ಡದು. ಸಿಕ್ಕಿದವರಿಗೆಲ್ಲ "ನಮ್ಮ ಹುಡುಗ ಒಳ್ಳೆಯವನು, ಒಂದು ಕೇಸೂ ಇಲ್ಲ" ಅಂತ ಹೇಳುತ್ತಾ ನಿಂತೆವು. ಠಾಣೆಯಲ್ಲಿ, ವಕೀಲರ ಆಫೀಸಲ್ಲಿ, ಕೋರ್ಟಿನ ಬಾಗಿಲಲ್ಲಿ. ಎಲ್ಲ ಕೇಳಿಸಿಕೊಂಡ ವಕೀಲರು ಒಂದೇ ಪ್ರಶ್ನೆ ಕೇಳಿದರು: "ಏನು ಸಿಕ್ಕಿದೆ, ಎಷ್ಟು ಗ್ರಾಂ?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಎನ್‌ಡಿಪಿಎಸ್ 1985ರ ಕಾಯ್ದೆ. ಅದರಲ್ಲಿ ಪ್ರತಿ ಮಾದಕ ವಸ್ತುವಿಗೂ ಎರಡು ಗೆರೆ ಎಳೆದಿದ್ದಾರೆ. ಒಂದು ಸಣ್ಣ ಪ್ರಮಾಣ, ಇನ್ನೊಂದು ವಾಣಿಜ್ಯ ಪ್ರಮಾಣ. ಕೋರ್ಟಲ್ಲಿ ಎಲ್ಲರೂ 'ಸ್ಮಾಲ್', 'ಕಮರ್ಷಿಯಲ್' ಅಂತಲೇ ಹೇಳುತ್ತಾರೆ. ನಡುವೆ ಬರುವುದು 'ಇಂಟರ್‌ಮೀಡಿಯೇಟ್'. ಗಾಂಜಾ 1 ಕೆ.ಜಿ.ವರೆಗೆ ಸ್ಮಾಲ್, 20 ಕೆ.ಜಿ. ದಾಟಿದರೆ ಕಮರ್ಷಿಯಲ್. ಚರಸ್ ಆದರೆ 100 ಗ್ರಾಂ ಮತ್ತು 1 ಕೆ.ಜಿ. ಹೆರಾಯಿನ್ 5 ಗ್ರಾಂ, 250 ಗ್ರಾಂ. ಕೊಕೇನ್ 2 ಗ್ರಾಂ, 100 ಗ್ರಾಂ. ಎಂಡಿಎಂಎ ಅರ್ಧ ಗ್ರಾಂ, 10 ಗ್ರಾಂ. ಎಲ್‌ಎಸ್‌ಡಿಗೆ ಕಮರ್ಷಿಯಲ್ ಗೆರೆ ಬರೀ 0.1 ಗ್ರಾಂ. ಶಿಕ್ಷೆಯೂ ಇದರ ಮೇಲೇ ನಿಂತಿದೆ. ಗಾಂಜಾ ಸ್ಮಾಲ್ ಆದರೆ ಹೆಚ್ಚೆಂದರೆ 1 ವರ್ಷ, ನಡುವಿನದಾದರೆ 10 ವರ್ಷದವರೆಗೆ, ಕಮರ್ಷಿಯಲ್ ಆದರೆ ಕನಿಷ್ಠವೇ 10 ವರ್ಷ, 20ರವರೆಗೂ ಹೋಗಬಹುದು.

ತಮ್ಮನ ಮಹಜರಿನಲ್ಲಿ, ಅಂದರೆ ಮಾಲು ಸಿಕ್ಕ ಜಾಗದಲ್ಲಿ ಪೊಲೀಸರು ಬರೆದ ವರದಿಯಲ್ಲಿ, ಇದ್ದದ್ದು 20 ಕೆ.ಜಿ. 650 ಗ್ರಾಂ.

ಕೇವಲ 650 ಗ್ರಾಂ ಜಾಸ್ತಿ. ಅಷ್ಟಕ್ಕೆ ಏನೆಲ್ಲ ಬದಲಾಗುತ್ತದೆ ಅಂತ ವಕೀಲರು ಅವತ್ತು ಸಂಜೆ ಬಿಡಿಸಿ ಹೇಳಿದರು. ಬೇರೆ ಕೇಸಲ್ಲಿ ಬೇಲ್ ಕೇಳಿದಾಗ, ಆರೋಪಿ ಓಡಿಹೋಗ್ತಾನಾ, ಸಾಕ್ಷಿಗಳನ್ನು ಹೆದರಿಸ್ತಾನಾ ಅಂತ ಮುಖ್ಯವಾಗಿ ನೋಡುತ್ತಾರೆ. ಕಮರ್ಷಿಯಲ್ ಪ್ರಮಾಣ ಅಂದ ಕೂಡಲೇ ಸೆಕ್ಷನ್ 37 ಅಡ್ಡ ಬರುತ್ತದೆ. ಸರ್ಕಾರಿ ವಕೀಲರಿಗೆ ವಿರೋಧಿಸಲು ಅವಕಾಶ ಕೊಡಲೇಬೇಕು. ಅವರು ವಿರೋಧಿಸಿದರೆ, ಇವನು ತಪ್ಪಿತಸ್ಥ ಅಲ್ಲ ಎಂದು ನಂಬಲು ಸಕಾರಣ ಇದೆ ಅಂತ ಜಡ್ಜ್‌ಗೆ ಅನ್ನಿಸಬೇಕು. ಜೊತೆಗೆ, ಹೊರಗೆ ಬಂದರೆ ಮತ್ತೆ ಇಂಥ ತಪ್ಪು ಮಾಡಲ್ಲ ಅಂತಲೂ ಅನ್ನಿಸಬೇಕು. ಎರಡೂ ಬೇಕು, ಒಂದಿದ್ದರೆ ಸಾಲದು. ವಿಚಾರಣೆಯೇ ಶುರುವಾಗದೆ ತಪ್ಪಿತಸ್ಥ ಅಲ್ಲ ಅಂತ ತೋರಿಸೋದು ಎಷ್ಟು ಕಷ್ಟ ನೋಡಿ. ಕಮರ್ಷಿಯಲ್ ಕೇಸುಗಳಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಲ್ ಸಿಗದಿರುವುದು ಇದೇ ಕಾರಣಕ್ಕೆ. ಪ್ರಮಾಣ ಅದಕ್ಕಿಂತ ಕಮ್ಮಿ ಇದ್ದರೆ 37ರ ಈ ಕಟ್ಟು ಸಾಮಾನ್ಯವಾಗಿ ಇರುವುದಿಲ್ಲ, ಬೇರೆ ಕೇಸುಗಳ ಹಾಗೆಯೇ ನೋಡುತ್ತಾರೆ. ಆದರೆ ಎಷ್ಟೇ ಕಮ್ಮಿ ಸಿಕ್ಕಿದ್ದರೂ ಸೆಕ್ಷನ್ 27ಎ ಹಾಕಿದ್ದಾರಾ ನೋಡಿಕೊಳ್ಳಿ. ಅದು ಇಂಥ ವ್ಯವಹಾರಕ್ಕೆ ಹಣ ಹೂಡಿದ ಆರೋಪ. ಅದಿದ್ದರೂ 37 ಬರುತ್ತದೆ.

ಹಾಗಾಗಿ ಮೊದಲ ದಿನವೇ ಮೂರು ಕಾಗದ ಕೈಗೆ ತಗೊಳ್ಳಿ: ಎಫ್‌ಐಆರ್, ಮಹಜರು, ರಿಮ್ಯಾಂಡ್ ಅರ್ಜಿ (ಕಸ್ಟಡಿಗೆ ಕೊಡಿ ಅಂತ ಪೊಲೀಸರು ಕೋರ್ಟಿಗೆ ಹಾಕುವುದು). ಇದರ ಜೊತೆ, ಯಾಕೆ ಬಂಧಿಸಿದ್ದೇವೆ ಅನ್ನೋ ಕಾರಣವನ್ನು ಬರಹದಲ್ಲಿ ಕೊಟ್ಟಿದ್ದಾರಾ ಅಂತ ಕೇಳಿ. ಈ ಕಾರಣ ತಿಳಿಸದಿದ್ದರೆ ಬಂಧನವೇ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಕೇಸಲ್ಲಿ ಹೇಳಿದೆ. ನಮ್ಮವನಿಗೆ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡಿದ್ದರು. ಹಾಗಾಗಿ ಆ ದಾರಿ ನಮಗಿರಲಿಲ್ಲ.

ಐದನೇ ದಿನ ಜೈಲಿಗೆ ಹೋದೆ. ಆಧಾರ್ ತೋರಿಸಿ, ಹೆಸರು ಬರೆಸಿ, ಮೂರು ಗಂಟೆ ಕಾದೆ. ಸಿಕ್ಕಿದ್ದು ಹದಿನೈದು ನಿಮಿಷವೂ ಇಲ್ಲ. ಅರೆಸ್ಟ್ ಆದ ದಿನದ ಅದೇ ನೀಲಿ ಟೀ ಶರ್ಟಲ್ಲೇ ಇದ್ದ, ತೋಳಿನ ಹತ್ತಿರ ಹೊಲಿಗೆ ಬಿಟ್ಟಿತ್ತು. ಅವನು ಕೇಳಿದ್ದು ಬೇಲ್ ಬಗ್ಗೆ ಅಲ್ಲ. "ಅಕ್ಕಾ, ಅಮ್ಮ ಊಟ ಮಾಡ್ತಿದ್ದಾಳಾ?" ಅಂದ. ನಾನು ಹೂಂ ಅಂದೆ. ಅಮ್ಮ ಊಟ ಮಾಡುತ್ತಿರಲಿಲ್ಲ.

ಭೇಟಿಗೆ ಹೋಗುವವರು ಎರಡು ಜೊತೆ ಬಟ್ಟೆ ತಗೊಂಡು ಹೋಗಿ. ಯಾವುದನ್ನು ಒಳಗೆ ಬಿಡ್ತಾರೆ ಅಂತ ಗೇಟಿನಲ್ಲಿ ಮೊದಲೇ ಕೇಳಿ. ವಕೀಲರಿಗೆ ಕೇಸು ಒಪ್ಪಿಸುವ ವಕಾಲತ್ತಿಗೆ ಅವನ ಸಹಿ ಬೇಕು, ಅದು ಜೈಲಿನ ಮೂಲಕವೇ ಬರಬೇಕು. ನಮಗೆ ಅಷ್ಟಕ್ಕೇ ಮೂರು ದಿನ ಹೋಯಿತು.

ವಕೀಲರಿಗೆ ದುಡ್ಡಿಲ್ಲ ಅಂತ ಯಾರೂ ಕೈಚೆಲ್ಲಬೇಡಿ. ಜೈಲಲ್ಲಿರುವವರಿಗೆ ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು, 15100ಕ್ಕೆ ಫೋನ್ ಮಾಡಬಹುದು. ನಮಗೆ ಇದು ಗೊತ್ತಾಗುವ ಹೊತ್ತಿಗೆ 40,000 ರೂಪಾಯಿ ಕೊಟ್ಟಾಗಿತ್ತು. ಅಮ್ಮನ ಬಳೆ ಅಡವಿಟ್ಟು ತಂದ ದುಡ್ಡು ಅದು.

ಮೊದಲ ಬೇಲ್ ಅರ್ಜಿ ಹಾಕಿದ್ದು ಎನ್‌ಡಿಪಿಎಸ್ ಕೇಸು ನಡೆಸುವ ವಿಶೇಷ ಕೋರ್ಟಲ್ಲಿ. ಬೇಲ್ ಕೇಳುವ ಸೆಕ್ಷನ್, ಹಳೇ ಕ್ರಿಮಿನಲ್ ಪ್ರಕ್ರಿಯೆ ಕಾಯ್ದೆ ಸಿಆರ್‌ಪಿಸಿಯ 439, ಈಗ ಹೊಸ ಕಾಯ್ದೆ ಬಿಎನ್‌ಎಸ್‌ಎಸ್‌ನ 483 ಆಗಿದೆ. ಸರ್ಕಾರಿ ವಕೀಲರ ಆಕ್ಷೇಪಣೆ ಬರಲು ಒಂದು ವಾಯಿದೆ, ಜಡ್ಜ್ ರಜೆ ಅಂತ ಇನ್ನೊಂದು. 22ನೇ ದಿನ ವಾದ ನಡೆಯಿತು.

ನಮ್ಮ ವಕೀಲರು ಎತ್ತಿದ ಅಂಶ ಮೂರು. ರಾತ್ರಿ ಹನ್ನೊಂದಕ್ಕೆ ಮನೆ ಶೋಧ ಮಾಡಿದ್ದಾರೆ. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಹೋಗಬೇಕಾದರೆ ಕಾರಣ ಬರೆದಿಡಬೇಕು ಅಂತ ಸೆಕ್ಷನ್ 42 ಹೇಳುತ್ತದೆ. ಎರಡನೆಯದು, ಚೀಲ ಇದ್ದದ್ದು ಬೇರೆಯವನ ಮಂಚದ ಕೆಳಗೆ. ಮೂರನೆಯದು, ತಮ್ಮನ ಹೆಸರು ಹೇಳಿದ್ದು ಎ1, ಅದೂ ಪೊಲೀಸರ ಮುಂದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯ ಆಗುವುದಿಲ್ಲ. ಮಾದಕ ವಸ್ತು ತಡೆಯುವ ಕೇಂದ್ರದ ಎನ್‌ಸಿಬಿಯಂಥ ಸಂಸ್ಥೆಯ ಅಧಿಕಾರಿಗಳ ಮುಂದೆ ಮಾಡಿದ್ದಕ್ಕೂ ಇದೇ ಮಾತು ಅನ್ವಯ ಅಂತ 2020ರ ತೋಫಾನ್ ಸಿಂಗ್ ತೀರ್ಪು ಹೇಳಿದೆ. ಸೆಕ್ಷನ್ 50ರ ಬಗ್ಗೆ ನಾನೇ ಎಲ್ಲೋ ಓದಿ ಕೇಳಿದ್ದೆ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರೇ ಶೋಧ ಮಾಡಿ ಅಂತ ಕೇಳುವ ಹಕ್ಕಿದೆಯಲ್ವಾ ಅಂತ. "ಅದು ಮೈ ಮೇಲಿನ ಶೋಧಕ್ಕಮ್ಮ, ಚೀಲಕ್ಕಲ್ಲ" ಅಂದರು.

31ನೇ ದಿನ ಆರ್ಡರ್. ಅರ್ಜಿ ವಜಾ. ಶೋಧದ ಲೋಪಗಳನ್ನು ವಿಚಾರಣೆಯಲ್ಲಿ ನೋಡಬೇಕು, ಪ್ರಮಾಣ ಕಮರ್ಷಿಯಲ್, ಸೆಕ್ಷನ್ 37ರ ಷರತ್ತು ಪೂರೈಸಿಲ್ಲ. ಸಾರ ಅಷ್ಟೇ. ಅಪ್ಪ ಕೋರ್ಟ್ ಹಾಲಿನಿಂದ ಹೊರಗೆ ಬಂದು ಗೋಡೆ ಹಿಡಿದುಕೊಂಡರು. ಅವರಿಗೆ ಕೈ ಕಾಲು ನಡುಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಕಾರಿಡಾರಲ್ಲೇ ಒಬ್ಬ ತಾಯಿಯ ಪರಿಚಯ ಆಯಿತು. ಮಂಡ್ಯ ಕಡೆಯವರು. ಅವರ ಮಗನದ್ದು ಬೇರೆ ಕೇಸು. ನೀರಿನ ಬಾಟಲಿ ಅಪ್ಪನ ಕೈಗೆ ಕೊಟ್ಟು, "ನಿಮ್ದು ಎಷ್ಟವ್ವಾ?" ಅಂತ ನನ್ನ ಕೇಳಿದರು. ಅಲ್ಲಿ ಕಾಯುವವರು ಊರು, ಹೆಸರು ಆಮೇಲೆ ಕೇಳುವುದು. ಮೊದಲು ಎಷ್ಟು ಅಂತ ಕೇಳುತ್ತಾರೆ. ಇಪ್ಪತ್ತು ಕೆ.ಜಿ. ಮೇಲೆ ಅಂದೆ. "ನನ್ ಮಗಂದು ಹನ್ನೆರಡೇ ಗ್ರಾಂ ಕಣವ್ವಾ. ಒಂದು ನಿಂಬೆಹಣ್ಣಿನ ತೂಕವೂ ಇಲ್ಲ. ಎಂಟು ತಿಂಗಳಾಯ್ತು ಒಳಗೆ" ಅಂದರು. ಎಂಡಿಎಂಎ. 10 ಗ್ರಾಂ ಗೆರೆ ದಾಟಿತ್ತು. ಅದರಲ್ಲಿ ಶುದ್ಧ ಎಂಡಿಎಂಎ ಎಷ್ಟಿದೆ, ಬೇರೆ ಪುಡಿ ಎಷ್ಟಿದೆ ಅಂತ ಬಿಡಿಸಿ ನೋಡುವ ಹಾಗೂ ಇಲ್ಲ. ಮಿಶ್ರಣದ ಪೂರ್ತಿ ತೂಕವನ್ನೇ ಲೆಕ್ಕ ಹಾಕಬೇಕು ಅಂತ 2020ರ ಹೀರಾ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಅವರ ಮಗನ ಅರ್ಜಿ ಎರಡು ಕಡೆ ವಜಾ ಆಗಿತ್ತು.

ನಮ್ಮ ಕೇಸು ತಿರುಗಿದ್ದು ಒಂದು ಸಾಲಿನಿಂದ. ವಕೀಲರ ಆಫೀಸಲ್ಲಿ ಒಬ್ಬ ಜೂನಿಯರ್ ಹುಡುಗಿ ಇದ್ದಳು, ನನಗಿಂತ ಚಿಕ್ಕವಳು. ಹೈಕೋರ್ಟಿಗೆ ಹಾಕಲು ಕಾಗದ ಜೋಡಿಸುವಾಗ ಅವಳು ಮ್ಯಾಜಿಸ್ಟ್ರೇಟ್ ಕೋರ್ಟಿನ ಆರ್ಡರ್ ಶೀಟ್ ನೋಡಲು ಹೋದಳು. ಅದರಲ್ಲಿ ಒಂದು ನಮೂದು ಇತ್ತು: 26ನೇ ದಿನ ಸೆಕ್ಷನ್ 52ಎ ಕೆಳಗೆ ಇನ್ವೆಂಟರಿ ಆಗಿದೆ. ಅಂದರೆ ವಶಪಡಿಸಿಕೊಂಡ ಮಾಲನ್ನು ಮ್ಯಾಜಿಸ್ಟ್ರೇಟ್ ಎದುರು ತೆರೆದು, ಪಟ್ಟಿ ಮಾಡಿ, ಫೋಟೊ ತೆಗೆದು, ಸ್ಯಾಂಪಲ್ ತೆಗೆಯುವುದು. ನಮ್ಮ ವಾದ ಮುಗಿದ ಮೇಲೆ, ಆರ್ಡರ್ ಬರುವ ಮುಂಚೆ ನಡೆದಿತ್ತು. ನಮಗೆ ಯಾರೂ ಹೇಳಿರಲಿಲ್ಲ. ಅವಳು ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ, 41ನೇ ದಿನ ತಂದು ಮೇಜಿನ ಮೇಲಿಟ್ಟಳು. ಪೆನ್ಸಿಲ್ಲಿನಲ್ಲಿ ಒಂದು ಅಂಕಿಯ ಕೆಳಗೆ ಗೆರೆ ಎಳೆದಿದ್ದಳು.

ಚೀಲ ಬಿಟ್ಟು ಮಾಲಿನ ತೂಕ 19 ಕೆ.ಜಿ. 180 ಗ್ರಾಂ.

ಆಗ ಮಹಜರನ್ನು ಮತ್ತೆ ಓದಿದೆವು. "ಚೀಲ ಸಮೇತ" ಅಂತ ಅಲ್ಲೇ ಬರೆದಿತ್ತು. ನಾನು ಅದನ್ನು ಇಪ್ಪತ್ತು ಸಲ ಓದಿದ್ದೆ. ಆ ಎರಡು ಪದ ಕಣ್ಣಿಗೆ ಬಿದ್ದಿರಲಿಲ್ಲ. "ಎಲೆ, ಕಾಂಡ, ಬೀಜ, ಮೊಗ್ಗು ಮಿಶ್ರಿತ" ಅಂತಲೂ ಇತ್ತು. ಕಾಯ್ದೆ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಆ ತುದಿ ಜೊತೆಗಿಲ್ಲದ ಎಲೆ, ಬೀಜ ಗಾಂಜಾ ಅಲ್ಲ. ಎಲ್ಲವನ್ನೂ ಸೇರಿಸಿ ತೂಗಿದ್ದಾರೆ ಅನ್ನೋದು ನಮ್ಮ ಇನ್ನೊಂದು ವಾದ ಆಯಿತು. ನೀವು ಮಹಜರು ಓದುವಾಗ ಹೆಸರು, ವಿಳಾಸ ಆಮೇಲೆ ನೋಡಿ. ತೂಕ ಬರೆದ ಸಾಲನ್ನು ಬೆರಳಿಟ್ಟು ಒಂದೊಂದೇ ಪದ ಓದಿ. ಚೀಲ ಸೇರಿಸಿ ತೂಗಿದ್ದಾರಾ, ಎರಡು ಚೀಲ ಬೇರೆ ಬೇರೆ ತೂಗಿದ್ದಾರಾ, ಯಾರ ಹತ್ತಿರ ಎಷ್ಟು ಸಿಕ್ಕಿತು ಅಂತ ಬರೆದಿದ್ದಾರಾ, ಎಲ್ಲ ನೋಡಿ.

45ನೇ ದಿನ ಹೈಕೋರ್ಟಲ್ಲಿ ಅರ್ಜಿ ಬಿತ್ತು. ಫೀಸು 75,000. ಅಪ್ಪ ಎಂಟು ತೆಂಗಿನ ಮರ ಇದ್ದ ಹಿತ್ತಲಿನ ಫಸಲನ್ನು ಎರಡು ವರ್ಷಕ್ಕೆ ಗುತ್ತಿಗೆ ಕೊಟ್ಟರು, ಉಳಿದಿದ್ದು ಸಾಲ.

ಇಲ್ಲಿ ಇನ್ನೊಂದು ಲೆಕ್ಕ ಹೇಳಬೇಕು. ಕಮರ್ಷಿಯಲ್ ಕೇಸಾದರೆ ಪೊಲೀಸರಿಗೆ ಚಾರ್ಜ್‌ಶೀಟ್ ಹಾಕಲು 180 ದಿನ ಇದೆ. ಸರ್ಕಾರಿ ವಕೀಲರು ಕಾರಣ ಕೊಟ್ಟು ಕೇಳಿದರೆ ಕೋರ್ಟ್ ಅದನ್ನು 1 ವರ್ಷದವರೆಗೂ ಹೆಚ್ಚಿಸಬಹುದು. ಪ್ರಮಾಣ ನಡುವಿನದಾದರೆ 60 ದಿನ ಅಂತ ನಮ್ಮ ವಕೀಲರು ಹಿಡಿದಿದ್ದರು. ಅವಧಿ ಮುಗಿದರೂ ಚಾರ್ಜ್‌ಶೀಟ್ ಬರದಿದ್ದರೆ ಬೇಲ್ ಹಕ್ಕಾಗಿ ಸಿಗುತ್ತದೆ. ಕೋರ್ಟಲ್ಲಿ ಅದಕ್ಕೆ ಡಿಫಾಲ್ಟ್ ಬೇಲ್ ಅನ್ನುತ್ತಾರೆ. ಆದರೆ ಅದು ತಾನಾಗಿ ಬರಲ್ಲ. ಚಾರ್ಜ್‌ಶೀಟ್ ಬೀಳುವ ಮುಂಚೆ ಅರ್ಜಿ ಹಾಕಬೇಕು. ಅದಕ್ಕೇ ಮೊದಲ ರಿಮ್ಯಾಂಡ್ ದಿನದಿಂದ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಾನು ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕುತ್ತಿದ್ದೆ. 58ನೇ ದಿನ ಚಾರ್ಜ್‌ಶೀಟ್ ಬಂತು, ಕಮರ್ಷಿಯಲ್ ಪ್ರಮಾಣದ ಸೆಕ್ಷನ್ ಹಾಗೇ ಇಟ್ಟು. 60ಕ್ಕೆ ಎರಡೇ ದಿನ ಬಾಕಿ ಇರುವಾಗ ಆ ಬಾಗಿಲು ಮುಚ್ಚಿತು. ಅವತ್ತು ರಾತ್ರಿ ಕ್ಯಾಲೆಂಡರ್ ಕಿತ್ತು ಹಾಕಬೇಕು ಅನ್ನಿಸಿತ್ತು.

ಹೈಕೋರ್ಟಲ್ಲಿ ನಮ್ಮ ಅರ್ಜಿ ಕಾಸ್ ಲಿಸ್ಟಲ್ಲಿ, ಅಂದರೆ ಆ ದಿನದ ಕೇಸುಗಳ ಪಟ್ಟಿಯಲ್ಲಿ, ಬರುವುದನ್ನು ಹಿಂದಿನ ದಿನ ಸಂಜೆಯೇ ಮೊಬೈಲಲ್ಲಿ ನೋಡಬಹುದು. ಎರಡು ಸಲ ಬಂತು, ನಮ್ಮ ನಂಬರ್ ತಲುಪುವ ಮುಂಚೆ ಹೊತ್ತಾಯಿತು. ಎರಡು ಸಲವೂ ತಿಪಟೂರಿನಿಂದ ಬಂದು ಹೋದೆವು. ಅರ್ಜಿ ಹಾಕಿದವರ ಮನೆಯವರು ಅಲ್ಲಿ ಇರಲೇಬೇಕು ಅಂತಿಲ್ಲ. ಆದರೂ ಮನೆಯಲ್ಲಿ ಕೂರಲು ಅಪ್ಪನಿಂದ ಆಗುತ್ತಿರಲಿಲ್ಲ.

66ನೇ ದಿನ ವಾದ ನಡೆಯಿತು. ಎಲ್ಲ ಸೇರಿ ಇಪ್ಪತ್ತು ನಿಮಿಷ. ಸರ್ಕಾರಿ ವಕೀಲರು ಎರಡು ಮಾತು ಹೇಳಿದರು. ಹಸಿ ಇದ್ದ ಮಾಲು 26 ದಿನದಲ್ಲಿ ಒಣಗಿ ತೂಕ ಇಳಿದಿದೆ ಅಂತ ಒಂದು. 52ಎ ಪ್ರಕ್ರಿಯೆ ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ಬೇಲ್ ಕೊಡುವಂತಿಲ್ಲ, 2024ರ ಡಿಸೆಂಬರಿನಲ್ಲಿ ಕಾಶಿಫ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ ಅಂತ ಇನ್ನೊಂದು. ನಮ್ಮ ವಕೀಲರು ಎದ್ದು, "ತಡ ಆಯ್ತು ಅನ್ನೋದು ನಮ್ಮ ವಾದವೇ ಅಲ್ಲ ಸ್ವಾಮಿ. ಅವರದೇ ಮಹಜರಲ್ಲಿ ಚೀಲ ಸಮೇತ ಅಂತಿದೆ. ಅವರದೇ ಇನ್ವೆಂಟರಿಯಲ್ಲಿ 20 ಕೆ.ಜಿ. ಇಲ್ಲ" ಅಂದರು. ಜಡ್ಜ್ ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ನಾನು ಉಸಿರು ಬಿಗಿ ಹಿಡಿದು ನಿಂತಿದ್ದೆ.

71ನೇ ದಿನ ಬೇಲ್ ಮಂಜೂರು. ಒಣಗಿತೋ ಇಲ್ಲವೋ ಅನ್ನೋದು ವಿಚಾರಣೆಯಲ್ಲಿ ತೀರ್ಮಾನ ಆಗಬೇಕಾದ ಸಂಗತಿ, ಸದ್ಯದ ದಾಖಲೆ ನೋಡಿದರೆ ಪ್ರಮಾಣ ಕಮರ್ಷಿಯಲ್ ಅನ್ನೋದೇ ಅನುಮಾನ, ಚಾರ್ಜ್‌ಶೀಟ್ ಆಗಿದೆ, ಹಿಂದಿನ ಕೇಸಿಲ್ಲ. ಷರತ್ತು ಇಷ್ಟು: 1 ಲಕ್ಷ ರೂಪಾಯಿ ಬಾಂಡು, ಅಷ್ಟೇ ಮೊತ್ತಕ್ಕೆ ಇಬ್ಬರು ಶ್ಯೂರಿಟಿ (ಜಾಮೀನುದಾರರು), ತಿಂಗಳ ಮೊದಲ ಭಾನುವಾರ ಠಾಣೆಗೆ ಹೋಗಿ ಸಹಿ, ಅನುಮತಿ ಇಲ್ಲದೆ ರಾಜ್ಯ ಬಿಡುವಂತಿಲ್ಲ, ಸಾಕ್ಷಿಗಳ ತಂಟೆಗೆ ಹೋಗುವಂತಿಲ್ಲ, ಮತ್ತೆ ಇಂಥ ಕೇಸಲ್ಲಿ ಸಿಕ್ಕಿಬಿದ್ದರೆ ಬೇಲ್ ರದ್ದು.

ಅಮ್ಮನಿಗೆ ಫೋನ್ ಮಾಡಿ "ಇವತ್ತು ಬರ್ತಾನೆ" ಅಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಬೇಲ್ ಆರ್ಡರಿಗೂ ಜೈಲಿನ ಗೇಟಿಗೂ ನಡುವೆ ಇನ್ನೂ ಒಂದು ವಾರ ಇತ್ತು.

ಶ್ಯೂರಿಟಿ ಕೊಡುವವರಿಗೆ ಆಸ್ತಿ ಬೇಕು. ಪಹಣಿ, ಆಧಾರ್, ಫೋಟೊ, ಅಫಿಡವಿಟ್ಟು ಬೇಕು, ಅವರೇ ಕೋರ್ಟಿಗೆ ಬಂದು ನಿಲ್ಲಬೇಕು. ಚಿಕ್ಕಪ್ಪ ಬರ್ತೀನಿ ಅಂದರು. ಕೋರ್ಟಲ್ಲಿ ಪಹಣಿ ನೋಡಿದರೆ ಜಮೀನು ಇನ್ನೂ ತಾತನ ಹೆಸರಲ್ಲೇ ಇದೆ. ತಾತ ಹೋಗಿ ಒಂಬತ್ತು ವರ್ಷ. ಪೌತಿ ಖಾತೆ ಮಾಡಿಸಿಯೇ ಇರಲಿಲ್ಲ. ಶ್ಯೂರಿಟಿ ಆಗಲ್ಲ ಅಂದರು. ನಿಮ್ಮ ಮನೆಯಲ್ಲಿ ಯಾರ ಹೆಸರಲ್ಲಿ ಏನಿದೆ ಅಂತ ಬೇಲ್ ಅರ್ಜಿ ಹಾಕಿದ ದಿನವೇ ನೋಡಿಟ್ಟುಕೊಳ್ಳಿ. ಇದಕ್ಕೆ ಕೋರ್ಟು, ವಕೀಲರು ಯಾರೂ ಕಾರಣ ಅಲ್ಲ. ನಾವು ಮೊದಲೇ ನೋಡಿಕೊಂಡಿದ್ದರೆ ಅವನು ನಾಲ್ಕು ದಿನ ಮುಂಚೆ ಬರುತ್ತಿದ್ದ.

ಊರಲ್ಲಿ ಇನ್ನಿಬ್ಬರನ್ನು ಕೇಳಿದೆವು. "ಗಾಂಜಾ ಕೇಸಿಗಾ?" ಅಂತ ಒಬ್ಬರು ಬಾಗಿಲಲ್ಲೇ ನಿಲ್ಲಿಸಿದರು. ಅವರ ಮೇಲೆ ನನಗೆ ಕೋಪ ಇಲ್ಲ, ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಕೋರ್ಟಿನ ಹೊರಗೆ ಒಬ್ಬ ಬಂದು, 15,000 ಕೊಟ್ಟರೆ ಇಬ್ಬರು ಶ್ಯೂರಿಟಿ ರೆಡಿ ಇದ್ದಾರೆ ಅಂದ. ಅಪ್ಪ ಜೇಬಿಗೆ ಕೈ ಹಾಕಿದ್ದರು. ಜೂನಿಯರ್ ಹುಡುಗಿ ಓಡಿ ಬಂದು ತಡೆದಳು. ಆ ಪಹಣಿ ನಕಲಿ ಅಂತ ಗೊತ್ತಾದರೆ ಬೇಲೂ ಹೋಗುತ್ತದೆ, ಹೊಸ ಕೇಸೂ ಬೀಳುತ್ತದೆ. ದಯವಿಟ್ಟು ಅಂಥವರ ಹತ್ತಿರ ಹೋಗಬೇಡಿ. ಶ್ಯೂರಿಟಿ ಹೊಂದಿಸಲು ಆಗದೆ ಒಂದು ತಿಂಗಳಾದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟ್ ತಾನೇ ಯೋಚಿಸಬಹುದು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಸೂಚನೆ ಕೊಟ್ಟಿದೆ. ನಿಯತ್ತಿನ ದಾರಿ ಇದೆ, ಕೇಳಬೇಕು.

ಕೊನೆಗೆ ಬಂದದ್ದು ಸೋದರಮಾವ ಮತ್ತು ನಮ್ಮ ಕೊಬ್ಬರಿ ಕೊಳ್ಳುವ ವ್ಯಾಪಾರಿ ಮಾವ. ಅವರಿಗೆ ನಾವು ನೆಂಟರೂ ಅಲ್ಲ. ಪಹಣಿ ಹಿಡಿದುಕೊಂಡು ಬೆಳಿಗ್ಗೆ ಐದಕ್ಕೆ ಸ್ಟೇಷನ್ನಿಗೆ ಬಂದು ನಿಂತಿದ್ದರು. "ನಿಮ್ಮಪ್ಪ ಮೂವತ್ತು ವರ್ಷದಲ್ಲಿ ಒಂದು ಸಲ ತಕ್ಕಡಿ ತಪ್ಪಿಸಿಲ್ಲ ಕಣಮ್ಮ" ಅಂದರು. ಅಷ್ಟೇ ಹೇಳಿದ್ದು.

78ನೇ ದಿನ ಸಂಜೆ ಏಳೂಕಾಲಿಗೆ ಗೇಟು ತೆರೆಯಿತು. ತಮ್ಮ ಅದೇ ನೀಲಿ ಟೀ ಶರ್ಟ್ ಹಾಕಿಕೊಂಡಿದ್ದ. ಹೊಲಿಗೆ ಬಿಟ್ಟ ಜಾಗವನ್ನು ಯಾರೋ ಬಿಳಿ ದಾರದಲ್ಲಿ ಹೊಲಿದಿದ್ದರು. ಒಳಗೆ ಜೊತೆಗಿದ್ದ ಒಬ್ಬ ತಾತ ಅಂತೆ.

ಒಟ್ಟು ಖರ್ಚು 1 ಲಕ್ಷ 40 ಸಾವಿರದ ಹತ್ತಿರ ಆಯಿತು. ಕೇಸು ಮುಗಿದಿಲ್ಲ, ವಾಯಿದೆಗಳಿಗೆ ಹೋಗುತ್ತಿದ್ದಾನೆ. ಮೊದಲ ಭಾನುವಾರ ಠಾಣೆಗೆ ನಾನೂ ಜೊತೆ ಹೋಗುತ್ತೇನೆ. ಸಹಿ ಹಾಕಿದ ಪುಟದ ಫೋಟೊ ತೆಗೆಯಲು ಬಿಡದಿದ್ದರೆ ದಿನಾಂಕ, ಸಮಯ ಬರೆದಿಟ್ಟುಕೊಳ್ಳುತ್ತೇವೆ. ಒಂದು ಸಹಿ ತಪ್ಪಿದರೂ ಬೇಲ್ ರದ್ದು ಮಾಡಿ ಅಂತ ಅರ್ಜಿ ಬೀಳಬಹುದು.

ಮಂಡ್ಯದ ಆ ತಾಯಿ ನಿನ್ನೆ ರಾತ್ರಿ ಫೋನ್ ಮಾಡಿದ್ದರು. ಮಗ ಒಳಗೆ ಹೋಗಿ ಹತ್ತು ತಿಂಗಳು ದಾಟಿದೆ, ಒಬ್ಬ ಸಾಕ್ಷಿಯ ವಿಚಾರಣೆಯೂ ಆಗಿಲ್ಲ. ವಿಚಾರಣೆ ವಿಪರೀತ ತಡವಾದರೆ ಸೆಕ್ಷನ್ 37 ಇದ್ದರೂ ಬೇಲ್ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಮೊಹಮ್ಮದ್ ಮುಸ್ಲಿಂ ಕೇಸಲ್ಲಿ ಹೇಳಿದೆ. ಅಲ್ಲಿ ಆರೋಪಿ ಏಳು ವರ್ಷಕ್ಕಿಂತ ಹೆಚ್ಚು ಒಳಗಿದ್ದ. ಹತ್ತು ತಿಂಗಳು ಸಾಕಾಗುತ್ತಾ ಅಂತ ಕೇಳಿದರು. ನನಗೆ ಹೂಂ ಅನ್ನಲು ಬಾಯಿ ಬರಲಿಲ್ಲ. ಮಹಜರು ಓದಿದ್ದೀರಾ ಅಂತ ಕೇಳಿದೆ. "ನಂಗೆ ಓದಕ್ಕೆ ಬರಲ್ವಲ್ಲವ್ವಾ" ಅಂದರು.

ಬುಧವಾರ ಅವರ ವಕೀಲರ ಆಫೀಸಿಗೆ ನಾನೂ ಹೋಗುತ್ತಿದ್ದೇನೆ. ಮಹಜರಿನ ಕಾಪಿ ತೆಗೆದಿಡಿ ಅಂತ ಹೇಳಿದ್ದೇನೆ. 12 ಗ್ರಾಂನಲ್ಲಿ ಪ್ಲಾಸ್ಟಿಕ್ ಕವರಿನ ತೂಕ ಎಷ್ಟು ಅಂತ ಮೊದಲು ನೋಡಬೇಕು.